ಫೋಟೊ ಚೌಕಟ್ಟು ಮತ್ತು ಧ್ವನಿಮುದ್ರಕ ಇರುವ ಪ್ರಯಾಣದ ಅಲಾರಂ ಗಡಿಯಾರವನ್ನು ಸಿದ್ಧಪಡಿಸುವ ಕ್ರಮ

ಹಾಸನ ಜಿಲ್ಲೆಯ ಮನೆಗಳಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿದ ಮಕ್ಕಳು ಊರು ಬಿಟ್ಟು ವಸತಿ ಕಾಲೇಜಿಗೆ ಹೊರಡುವ ದಿನ ಹತ್ತಿರವಾದಂತೆ, ಪೆಟ್ಟಿಗೆಗೆ ಏನೇನು ತುಂಬಬೇಕೆಂಬ ಪಟ್ಟಿ ದಿನದಿನಕ್ಕೂ ಬೆಳೆಯುತ್ತಾ ಹೋಗುತ್ತದೆ. ಬಕೆಟ್ಟು, ಮಗ್ಗು, ಕಂಬಳಿ, ಕೊಡೆ, ಚಟ್ನಿಪುಡಿಯ ಡಬ್ಬಿಗಳ ಸಾಲಿಗೆ ಈಗ ಅಲಾರಂ ಗಡಿಯಾರವೂ ಸೇರಿಕೊಳ್ಳುತ್ತದೆ. ಏಕೆಂದರೆ ಇಂಥ ಅನೇಕ ಕಾಲೇಜುಗಳ ಹಾಸ್ಟೆಲಿನಲ್ಲಿ ಮೊಬೈಲ್ ಇಟ್ಟುಕೊಳ್ಳಲು ಬಿಡುವುದಿಲ್ಲ, ಬೆಳಗಿನ ಐದಕ್ಕೆ ಏಳಿಸಲು ಮನೆಯವರು ಅಲ್ಲಿರುವುದಿಲ್ಲ. ಸಕಲೇಶಪುರದ ಹತ್ತಿರವಿರುವ ನಮ್ಮ ಅಕ್ಕನ ಮನೆಯಿಂದ ಅವಳ ಮಗಳು ಹೀಗೆ ಹೊರಟಾಗ, ಪುಸ್ತಕದಂತೆ ಮಡಚಬಹುದಾದ ಪ್ರಯಾಣದ ಗಡಿಯಾರವೊಂದನ್ನು ನಾನು ತಂದುಕೊಟ್ಟೆ. ಅದರ ಒಂದು ಮಗ್ಗುಲಲ್ಲಿ ಫೋಟೊ ಇಡುವ ಚೌಕಟ್ಟು, ಇನ್ನೊಂದು ಮಗ್ಗುಲಲ್ಲಿ ಅಂಕಿಗಳು ಮೂಡುವ ಗಡಿಯಾರ, ಹಿಂಬದಿಯಲ್ಲಿ ಕೆಲವು ಸೆಕೆಂಡುಗಳ ಮಾತನ್ನು ಹಿಡಿದಿಡುವ ಧ್ವನಿಮುದ್ರಕ ಇದ್ದವು. ಅಜ್ಜಿಯ ಫೋಟೊ, ಅಜ್ಜಿಯದೇ ಮಾತು ಅದರಲ್ಲಿರಬೇಕೆಂಬುದು ಎಲ್ಲರ ಆಸೆಯಾಗಿತ್ತು.

ಇದನ್ನು ಸಿದ್ಧಪಡಿಸುವುದು ಕಷ್ಟದ ಕೆಲಸವಲ್ಲ, ಆದರೆ ಯಾವುದರ ನಂತರ ಯಾವುದು ಎಂಬ ಕ್ರಮ ತಪ್ಪಿದರೆ ಮಾಡಿದ ಕೆಲಸವೇ ಅಳಿಸಿಹೋಗುತ್ತದೆ. ನಾನು ಮೊದಲ ಸಂಜೆಯೇ ಅಜ್ಜಿಯನ್ನು ಕೂರಿಸಿ ಮಾತು ಮುದ್ರಿಸಿಕೊಂಡೆ. ಆಮೇಲೆ ಸೆಲ್ಲುಗಳು ಹಳೆಯವೆಂದು ತಿಳಿದು ಅವನ್ನು ಬದಲಿಸಿದೆ. ಹೊಸ ಸೆಲ್ಲು ಹಾಕಿ ಗುಂಡಿ ಒತ್ತಿದಾಗ ಗಡಿಯಾರದಲ್ಲಿ ಏನೂ ಉಳಿದಿರಲಿಲ್ಲ. ಎಂಬತ್ತು ದಾಟಿದ ಅವರನ್ನು ಮತ್ತೆ ಕರೆದು ಅದೇ ಮಾತನ್ನು ಅದೇ ಪ್ರೀತಿಯಿಂದ ಇನ್ನೊಮ್ಮೆ ಹೇಳಿ ಎಂದು ಕೇಳುವಾಗ ನನಗೆ ನಿಜವಾಗಿಯೂ ಬೇಸರವಾಯಿತು. ಆ ಬೇಸರ ಇನ್ನೊಬ್ಬರಿಗೆ ಬೇಡವೆಂದೇ ಈ ಕ್ರಮವನ್ನು ವಿವರವಾಗಿ ಬರೆಯುತ್ತಿದ್ದೇನೆ. ಮೊದಲು ಸೆಲ್ಲು, ನಂತರ ನೆನಪಿನ ಪರೀಕ್ಷೆ, ಆಮೇಲೆ ಸಮಯ, ಅಲಾರಂ, ಮಾತು, ಎಲ್ಲಕ್ಕೂ ಕೊನೆಗೆ ಫೋಟೊ.

ಸೆಲ್ಲು ಹಾಕುವುದು

ಪೆಟ್ಟಿಗೆಯಿಂದ ತೆಗೆದ ಕೂಡಲೇ ಗಡಿಯಾರವನ್ನು ಮೆತ್ತನೆಯ ಬಟ್ಟೆಯ ಮೇಲೆ ಬೋರಲಾಗಿ ಇಟ್ಟು ಹಿಂಬದಿಯನ್ನು ನಿಧಾನವಾಗಿ ನೋಡಿಕೊಳ್ಳಬೇಕು. ಸಾಮಾನ್ಯವಾಗಿ ಅಲ್ಲಿ ಸೆಲ್ಲಿನ ಮುಚ್ಚಳ, ಮೋಡ್, ಸೆಟ್, ಅಪ್, ಡೌನ್ ಎಂಬ ನಾಲ್ಕೈದು ಗುಂಡಿಗಳು, ಮಾತು ಮುದ್ರಿಸುವ ರೆಕ್ ಮತ್ತು ಅದನ್ನು ಕೇಳಿಸುವ ಪ್ಲೇ ಎಂಬ ಎರಡು ಗುಂಡಿಗಳು, ಪಕ್ಕಕ್ಕೆ ಸರಿಸುವ ಒಂದು ಜಾರುಗುಂಡಿ, ಸ್ಪೀಕರಿನ ಸಣ್ಣ ರಂಧ್ರಗಳ ಗುಂಪು, ಅದರಿಂದ ತುಸು ದೂರದಲ್ಲಿ ಒಂಟಿಯಾಗಿರುವ ಸೂಜಿಮೊನೆಯಷ್ಟು ತೂತು ಇರುತ್ತವೆ. ಆ ಒಂಟಿ ತೂತೇ ಮೈಕು. ಕೆಲವು ಗಡಿಯಾರಗಳಲ್ಲಿ ರೀಸೆಟ್ ಎಂದು ಬರೆದ ಇನ್ನೊಂದು ತೂತೂ ಇರುವುದರಿಂದ, ಯಾವುದು ಯಾವುದೆಂದು ಗೊತ್ತಾಗುವ ಮೊದಲು ಪಿನ್ನನ್ನಾಗಲಿ ಕಡ್ಡಿಯನ್ನಾಗಲಿ ತೂತಿನೊಳಗೆ ತೂರಿಸಬಾರದು. ಮೈಕಿನ ಒಳಗಿನ ತೆಳುಪೊರೆ ಹರಿದರೆ ಮುದ್ರಣದ ಆಸೆ ಅಲ್ಲಿಗೇ ಮುಗಿಯಿತು. ಗುಂಡಿಗಳ ಹೆಸರು ಮಾದರಿಯಿಂದ ಮಾದರಿಗೆ ಬದಲಾದರೂ ಅವುಗಳ ಕೆಲಸ ಬಹುಮಟ್ಟಿಗೆ ಒಂದೇ ಆಗಿರುತ್ತದೆ.

ಅಂಗಡಿಯಿಂದ ಬಂದ ಗಡಿಯಾರದಲ್ಲಿ ಸೆಲ್ಲು ಮೊದಲೇ ಇದ್ದರೆ, ಮುಚ್ಚಳದ ಅಂಚಿನಿಂದ ತೆಳುವಾದ ಪ್ಲಾಸ್ಟಿಕ್ ಪಟ್ಟಿಯೊಂದು ಹೊರಗೆ ಇಣುಕುತ್ತಿರುತ್ತದೆ. ಅದನ್ನು ಎಳೆದರೆ ಗಡಿಯಾರ ನಡೆಯಲು ತೊಡಗುತ್ತದೆ. ಆದರೆ ಹೀಗೆ ಜೊತೆಯಲ್ಲಿ ಬರುವ ಸೆಲ್ಲು ಅಂಗಡಿಯ ಕಪಾಟಿನಲ್ಲಿ ಎಷ್ಟು ಕಾಲ ಕುಳಿತಿತ್ತೋ ಹೇಳಲಾಗದು. ಹಾಸ್ಟೆಲಿಗೋ ದೂರದ ಪ್ರಯಾಣಕ್ಕೋ ಕಳಿಸುವ ಗಡಿಯಾರವಾದರೆ ಅದನ್ನು ತೆಗೆದುಹಾಕಿ ಹೊಸದನ್ನೇ ಹಾಕುವುದು ಒಳ್ಳೆಯದೆಂದು ನನ್ನ ಅನುಭವ ಹೇಳುತ್ತದೆ. ಹೊಸ ಸೆಲ್ಲನ್ನು ಕೊಳ್ಳುವಾಗ ಅದರ ಮೇಲೆ ಅಚ್ಚಾಗಿರುವ ತಿಂಗಳು ವರ್ಷವನ್ನು ಓದಿಕೊಳ್ಳಬೇಕು.

ರಿಮೋಟಿಗೆ ಹಾಕುವ ಎಎಎ ಸೆಲ್ಲು ಬೇಕಾಗುವ ಗಡಿಯಾರಕ್ಕೆ ಆಲ್ಕಲೈನ್ ಎಂದು ಬರೆದಿರುವುದನ್ನೇ ತರಬೇಕು. ಪ್ರತಿಯೊಂದರ ಒತ್ತಡ 1.5 ವೋಲ್ಟ್. ಚಾರ್ಜ್ ಮಾಡುವ ನಿಕ್ಕಲ್ ಸೆಲ್ಲುಗಳು 1.2 ವೋಲ್ಟ್ ಮಾತ್ರ ಕೊಡುವುದರಿಂದ ಕೆಲವು ಗಡಿಯಾರಗಳಲ್ಲಿ ಅಂಕಿಗಳು ಮಂಕಾಗಿ ಕಾಣುತ್ತವೆ, ಮಾತಿನ ಸದ್ದೂ ಇಳಿಯುತ್ತದೆ. ಸ್ಪ್ರಿಂಗ್ ಇರುವ ಕಡೆಗೆ ಸೆಲ್ಲಿನ ಚಪ್ಪಟೆ ತಳ, ಅಂದರೆ ಮೈನಸ್ ತುದಿ ಬರಬೇಕು. ಹಳೆಯದೊಂದು ಹೊಸದೊಂದು ಬೆರೆಸಿ ಹಾಕಿದರೆ ಹಳೆಯದು ಬೇಗ ಬರಿದಾಗಿ ಸೋರುತ್ತದೆ. ಆಲ್ಕಲೈನ್ ಸೆಲ್ಲಿನಿಂದ ಸೋರುವುದು ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಎಂಬ ಕ್ಷಾರ. ಸ್ಪ್ರಿಂಗಿನ ಮೇಲೆ ಬಿಳಿಯ ಬೂದಿಯಂತೆ ಕಟ್ಟಿಕೊಂಡಿರುವ ಅದನ್ನು ಬರಿಗೈಯಲ್ಲಿ ಮುಟ್ಟದೆ, ಹತ್ತಿಯ ತುದಿಗೆ ಒಂದು ತೊಟ್ಟು ನಿಂಬೆರಸವನ್ನೋ ವಿನೆಗರನ್ನೋ ತಾಗಿಸಿ ಒರೆಸಿ, ನೀರಿನ ಪಸೆಯಲ್ಲಿ ಇನ್ನೊಮ್ಮೆ ಒರೆಸಿ, ಪೂರ್ತಿ ಒಣಗಿದ ಮೇಲೆ ಹೊಸ ಸೆಲ್ಲನ್ನು ಕೂರಿಸಬೇಕು.

ಬಿಲ್ಲೆಯ ಆಕಾರದ ಸೆಲ್ಲು ಇರುವ ಗಡಿಯಾರವಾದರೆ ಹಳೆಯ ಬಿಲ್ಲೆಯ ಬೆನ್ನಿನ ಮೇಲಿರುವ ಸಂಖ್ಯೆಯನ್ನು ಅಕ್ಷರವೂ ಬಿಡದಂತೆ ಬರೆದುಕೊಂಡು ಅಂಗಡಿಗೆ ಹೋಗಬೇಕು. ಎಲ್‌ಆರ್ 44 ಎಂಬುದು 1.5 ವೋಲ್ಟಿನದು, ಸಿಆರ್ 2032 ಎಂಬುದು 3 ವೋಲ್ಟಿನದು, ಒಂದರ ಜಾಗಕ್ಕೆ ಇನ್ನೊಂದು ಸಲ್ಲದು. ಇಲ್ಲಿ ಇನ್ನೊಂದು ಮಾತನ್ನು ಗಂಭೀರವಾಗಿ ಹೇಳಬೇಕು. ಮನೆಯಲ್ಲಿ ಸಣ್ಣ ಮಕ್ಕಳಿದ್ದರೆ, ಬದಲಿಸಿದ ಬಿಲ್ಲೆಯನ್ನು ಮೇಜಿನ ಮೇಲೆ ಅರೆಕ್ಷಣವೂ ಬಿಡಬಾರದು. ನುಂಗಿದ ಬಿಲ್ಲೆ ಅನ್ನನಾಳದಲ್ಲಿ ಸಿಕ್ಕಿಕೊಂಡರೆ 2 ಗಂಟೆಯೊಳಗೇ ಒಳಗೋಡೆಯನ್ನು ಸುಡುವಷ್ಟು ಅಪಾಯಕಾರಿ. ಅಂಥ ಅನುಮಾನ ಬಂದರೂ ಸಾಕು, ಕಾಯದೆ ಆಸ್ಪತ್ರೆಗೆ ಒಯ್ಯಬೇಕು. ಫೋಟೊ ಇರುವ ಗಡಿಯಾರವನ್ನು ಮಕ್ಕಳು ಕೈಗೆತ್ತಿಕೊಂಡು ನೋಡಲು ಇಷ್ಟಪಡುತ್ತಾರೆ, ಆದ್ದರಿಂದ ಮುಚ್ಚಳಕ್ಕೆ ಸ್ಕ್ರೂ ಇರುವ ಮಾದರಿಯನ್ನೇ ಆರಿಸುವುದು ಕ್ಷೇಮ.

ನೆನಪಿನ ಪರೀಕ್ಷೆ

ಇದು ನಾನು ಬಿಟ್ಟುಹೋಗಿ ಪಶ್ಚಾತ್ತಾಪಪಟ್ಟ ಹಂತ. ಧ್ವನಿಮುದ್ರಕಗಳಲ್ಲಿ ಎರಡು ಬಗೆ ಇವೆ. ಒಂದು ಬಗೆಯವು ಸೆಲ್ಲು ತೆಗೆದರೂ ಮಾತನ್ನು ಉಳಿಸಿಕೊಳ್ಳುತ್ತವೆ. ಇನ್ನೊಂದು ಬಗೆಯವು ವಿದ್ಯುತ್ತು ಇರುವವರೆಗೆ ಮಾತ್ರ ನೆನಪಿಟ್ಟುಕೊಂಡು, ಸೆಲ್ಲು ತೆಗೆದೊಡನೆ ಎಲ್ಲವನ್ನೂ ಮರೆಯುತ್ತವೆ. ಹೊರಗಿನಿಂದ ನೋಡಿ ಇದನ್ನು ತಿಳಿಯಲಾಗದು. ಆದ್ದರಿಂದ ರೆಕ್ ಗುಂಡಿಯನ್ನು ಒತ್ತಿಹಿಡಿದು, ಮೊಬೈಲಿನ ಸ್ಟಾಪ್‌ವಾಚನ್ನು ಎದುರಿಗಿಟ್ಟುಕೊಂಡು, ಸೆಕೆಂಡಿಗೊಂದರಂತೆ ಒಂದು, ಎರಡು, ಮೂರು ಎಂದು ಎಣಿಸುತ್ತಾ ಹೋಗಬೇಕು. ಪ್ಲೇ ಒತ್ತಿ ಕೇಳಿದಾಗ ಎಣಿಕೆ ಎಲ್ಲಿ ಕಡಿದುಹೋಗುತ್ತದೆಯೋ ಅಷ್ಟೇ ಆ ಗಡಿಯಾರದ ಮುದ್ರಣದ ಅವಧಿ. ನಮ್ಮದರಲ್ಲಿ ಒಂಬತ್ತರವರೆಗೆ ಸ್ಪಷ್ಟವಾಗಿ ಕೇಳಿ, ಹತ್ತು ಎಂಬುದರ ಮೊದಲ ಅಕ್ಷರಕ್ಕೆ ನಿಂತಿತು. ಆಮೇಲೆ ಸೆಲ್ಲುಗಳನ್ನು ತೆಗೆದು, ಐದು ನಿಮಿಷ ಬಿಟ್ಟು, ಮತ್ತೆ ಹಾಕಿ ಪ್ಲೇ ಒತ್ತಬೇಕು. ಎಣಿಕೆ ಕೇಳಿಸಿದರೆ ಮೊದಲ ಬಗೆ, ಕೇಳಿಸದಿದ್ದರೆ ಎರಡನೆಯ ಬಗೆ. ಎರಡನೆಯ ಬಗೆಯದಾದರೆ ಸೆಲ್ಲು ಬದಲಿಸಿದಾಗಲೆಲ್ಲ ಮತ್ತೆ ಮುದ್ರಿಸಬೇಕಾಗುತ್ತದೆ ಎಂಬುದನ್ನು ಗಡಿಯಾರ ಪಡೆಯುವವರಿಗೆ ಮೊದಲೇ ತಿಳಿಸಿರಬೇಕು.

ಸಮಯ ಹೊಂದಿಸುವುದು

ಮೋಡ್ ಗುಂಡಿಯನ್ನು ಒತ್ತುತ್ತಾ ಹೋದಂತೆ ಸಮಯ, ಅಲಾರಂ, ತಾರೀಖು, ಕೆಲವದರಲ್ಲಿ ಉಷ್ಣಾಂಶ ಒಂದಾದ ಮೇಲೊಂದು ಕಾಣಿಸಿಕೊಳ್ಳುತ್ತವೆ. ಸಮಯ ಕಾಣುತ್ತಿರುವಾಗ ಸೆಟ್ ಗುಂಡಿಯನ್ನು ಎರಡು ಮೂರು ಸೆಕೆಂಡು ಒತ್ತಿಹಿಡಿದರೆ ಗಂಟೆಯ ಅಂಕಿ ಮಿನುಗತೊಡಗುತ್ತದೆ. ಅಪ್ ಡೌನ್ ಗುಂಡಿಗಳಿಂದ ಅದನ್ನು ಸರಿಪಡಿಸಿ ಸೆಟ್ ಒತ್ತಿದರೆ ನಿಮಿಷ, ಅದರ ನಂತರ ವರ್ಷ, ತಿಂಗಳು, ದಿನ ಹೀಗೆ ಸರದಿಯಾಗಿ ಮಿನುಗುತ್ತವೆ. ನಡುವೆ ಹತ್ತು ಹದಿನೈದು ಸೆಕೆಂಡು ಸುಮ್ಮನಿದ್ದರೆ ಅನೇಕ ಗಡಿಯಾರಗಳು ತಾವಾಗಿಯೇ ಹಿಂದಿನ ಸ್ಥಿತಿಗೆ ಮರಳುತ್ತವೆ. ಆಗ ಗಾಬರಿಯಾಗದೆ ಮೊದಲಿನಿಂದ ಆರಂಭಿಸಿದರಾಯಿತು.

ಹನ್ನೆರಡು ಗಂಟೆಯ ಲೆಕ್ಕವನ್ನು ಬಿಟ್ಟು ಇಪ್ಪತ್ತನಾಲ್ಕು ಗಂಟೆಯ ಲೆಕ್ಕವನ್ನೇ ಇಟ್ಟುಕೊಳ್ಳುವುದು ಉತ್ತಮವೆಂದು ನಾನು ಖಚಿತವಾಗಿ ಹೇಳುತ್ತೇನೆ. ಅಲಾರಂ ಕೂಗಲಿಲ್ಲವೆಂಬ ದೂರುಗಳಲ್ಲಿ ನಾನು ಕಂಡಷ್ಟು ಮಟ್ಟಿಗೆ ಹೆಚ್ಚಿನವು ಗಡಿಯಾರದ ದೋಷದಿಂದ ಬಂದವಲ್ಲ, ಎಎಂ ಎಂದಿರಬೇಕಾದಲ್ಲಿ ಪಿಎಂ ಎಂದು ಇದ್ದದ್ದರಿಂದ ಬಂದವು. ಆ ಎರಡು ಅಕ್ಷರಗಳು ಪರದೆಯ ಮೂಲೆಯಲ್ಲಿ ಎಳ್ಳುಕಾಳಿನಷ್ಟು ಚಿಕ್ಕದಾಗಿರುತ್ತವೆ. ರೈಲು ಟಿಕೆಟಿನ ಮೇಲೂ ಸಮಯ ಇಪ್ಪತ್ತನಾಲ್ಕು ಗಂಟೆಯ ಲೆಕ್ಕದಲ್ಲೇ ಇರುವುದರಿಂದ ಪ್ರಯಾಣಿಕರಿಗೆ ಇದು ಹೊಸದೂ ಅಲ್ಲ.

ಸೆಕೆಂಡಿನ ಮಟ್ಟಿಗೆ ಸರಿಯಾಗಿರಬೇಕೆಂದರೆ, ಮೊಬೈಲಿನ ಸ್ವಯಂಚಾಲಿತ ಸಮಯವನ್ನು ಎದುರಿಗೆ ಇಟ್ಟುಕೊಂಡು, ಗಡಿಯಾರದಲ್ಲಿ ಮುಂದಿನ ನಿಮಿಷವನ್ನು ಮೊದಲೇ ಹೊಂದಿಸಿ ಕಾದು, ಮೊಬೈಲಿನಲ್ಲಿ ಆ ನಿಮಿಷ ಬದಲಾದ ಕ್ಷಣಕ್ಕೆ ಕೊನೆಯ ಸೆಟ್ ಒತ್ತಬೇಕು. ಗಡಿಯಾರದೊಳಗಿನ ಸ್ಫಟಿಕದ ಚೂರು ಸೆಕೆಂಡಿಗೆ 32,768 ಬಾರಿ ಕಂಪಿಸುತ್ತದೆ. ಆ ಸಂಖ್ಯೆಯನ್ನು 15 ಬಾರಿ ಅರ್ಧ ಮಾಡುತ್ತಾ ಬಂದರೆ ಒಂದು ಉಳಿಯುತ್ತದೆ. ಗಡಿಯಾರದೊಳಗಿನ ಎಲೆಕ್ಟ್ರಾನಿಕ್ ಚಿಪ್ ಹೀಗೆ ಅರ್ಧ ಮಾಡಿ ಮಾಡಿಯೇ ಒಂದೊಂದು ಸೆಕೆಂಡನ್ನು ಎಣಿಸುತ್ತದೆ. ಚಳಿ ಬಿಸಿಲಿಗೆ ಸ್ಫಟಿಕದ ಕಂಪನ ಕೂದಲೆಳೆಯಷ್ಟು ಬದಲಾಗುವುದರಿಂದ ತಿಂಗಳಿಗೆ ಕೆಲವು ಸೆಕೆಂಡುಗಳಿಂದ ಅರ್ಧ ನಿಮಿಷದವರೆಗೆ ಹೆಚ್ಚುಕಡಿಮೆಯಾಗುವುದು ಸಹಜ. ಎರಡು ತಿಂಗಳಿಗೊಮ್ಮೆ ಸರಿಪಡಿಸಿಕೊಂಡರೆ ಸಾಕು.

ಊರುಗಳ ಪಟ್ಟಿ ಇರುವ ಗಡಿಯಾರದಲ್ಲಿ ದೆಹಲಿಯನ್ನು ಆರಿಸಬೇಕು. ಭಾರತದ ಸಮಯ ಗ್ರೀನಿಚ್ ಲೆಕ್ಕಕ್ಕಿಂತ ಐದೂವರೆ ಗಂಟೆ ಮುಂದಿದೆ. ಆ ಅರ್ಧ ಗಂಟೆಯ ಲೆಕ್ಕ ತಿಳಿಯದ, ಬರೀ ಪೂರ್ತಿ ಗಂಟೆಗಳಲ್ಲಿ ಬದಲಾಗುವ ಗಡಿಯಾರಗಳೂ ಮಾರಾಟಕ್ಕಿವೆ, ಅಂಥವುಗಳಲ್ಲಿ ಊರಿನ ಪಟ್ಟಿಯನ್ನು ಬಿಟ್ಟು ಕೈಯಿಂದಲೇ ಸಮಯ ಹೊಂದಿಸುವುದು ಸುಲಭ. ಡಿಎಸ್‌ಟಿ ಎಂಬ ಬೇಸಿಗೆ ಸಮಯದ ಆಯ್ಕೆ ನಮ್ಮಲ್ಲಿ ಬಳಕೆಯಲ್ಲಿಲ್ಲವಾದ್ದರಿಂದ ಅದು ಆಫ್ ಆಗಿರಬೇಕು. ನಮ್ಮ ದೇಶದ ಗಡಿಯಾರ ನಡೆಯುವುದು 82.5 ಡಿಗ್ರಿ ಪೂರ್ವ ರೇಖಾಂಶದ ಲೆಕ್ಕದಲ್ಲಿ, ಹಾಸನ ಇರುವುದು ಸುಮಾರು 76 ಡಿಗ್ರಿಯಲ್ಲಿ. ಡಿಗ್ರಿಗೆ 4 ನಿಮಿಷದಂತೆ ನಮ್ಮ ಸೂರ್ಯ ಗಡಿಯಾರಕ್ಕಿಂತ ಸುಮಾರು 25 ನಿಮಿಷ ತಡವಾಗಿ ನಡೆಯುತ್ತಾನೆ. ಬೆಳಕು ನೋಡಿ ಏಳುವ ರೂಢಿಯ ಅಜ್ಜಿಯಂಥವರಿಗೆ ಐದು ಗಂಟೆಯೆಂದರೆ ನಡುರಾತ್ರಿಯಂತೆ ಅನ್ನಿಸುವುದಕ್ಕೆ ಇದೂ ಒಂದು ಕಾರಣ.

ಅಲಾರಂ

ಮೋಡ್ ಒತ್ತಿ ಬಾರಿಸುವ ಗಂಟೆಯ ಚಿತ್ರ ಬರುವ ಕಡೆಗೆ ಹೋಗಿ, ಸಮಯವನ್ನು ಹೊಂದಿಸಿದಂತೆಯೇ ಏಳಬೇಕಾದ ಹೊತ್ತನ್ನೂ ಹೊಂದಿಸಬೇಕು. ಹೊತ್ತನ್ನು ಹೊಂದಿಸುವುದು ಒಂದು ಕೆಲಸ, ಅಲಾರಂ ಅನ್ನು ಚಾಲೂ ಮಾಡುವುದು ಇನ್ನೊಂದು ಕೆಲಸ ಎಂಬುದನ್ನು ಮರೆಯಬಾರದು. ಹಿಂಬದಿಯ ಜಾರುಗುಂಡಿಗೆ ಸಾಮಾನ್ಯವಾಗಿ ಆಫ್, ಬೀಪ್, ವಾಯ್ಸ್ ಎಂಬ ಮೂರು ಜಾಗಗಳಿರುತ್ತವೆ. ಅದು ಬೀಪ್ ಅಥವಾ ವಾಯ್ಸ್ ಕಡೆಗೆ ಇದ್ದಾಗ ಮಾತ್ರ ಪರದೆಯ ಮೇಲೆ ಗಂಟೆಯ ಗುರುತು ಮೂಡುತ್ತದೆ. ಮಲಗುವ ಮುನ್ನ ನೋಡಬೇಕಾದದ್ದು ಆ ಗುರುತನ್ನೇ.

ಮುಳ್ಳುಗಳಿರುವ ಗಡಿಯಾರ ತಂದಿದ್ದರೆ ಕ್ರಮ ಬೇರೆ. ಅಲಾರಂ ಮುಳ್ಳನ್ನು ಬಾಣದ ಗುರುತು ತೋರಿಸುವ ದಿಕ್ಕಿಗೆ ಮಾತ್ರ ತಿರುಗಿಸಬೇಕು, ಹಿಂದಕ್ಕೆ ತಿರುಗಿಸಿದರೆ ಒಳಗಿನ ಹಲ್ಲುಗಾಲಿಗೆ ಪೆಟ್ಟಾಗಬಹುದು. ಅಂಥ ಗಡಿಯಾರಕ್ಕೆ ಹಗಲು ರಾತ್ರಿಯ ವ್ಯತ್ಯಾಸ ಗೊತ್ತಿಲ್ಲ. ಬೆಳಗಿನ ಐದಕ್ಕೆಂದು ಸಂಜೆ ನಾಲ್ಕಕ್ಕೇ ಅಲಾರಂ ಚಾಲೂ ಮಾಡಿಟ್ಟರೆ ಸಂಜೆ ಐದಕ್ಕೇ ಕೂಗಿಬಿಡುತ್ತದೆ. ಹಾಗೆಯೇ ಅದು ಹೊಂದಿಸಿದ ಹೊತ್ತಿಗಿಂತ ಐದು ನಿಮಿಷ ಆಚೀಚೆ ಕೂಗುವುದೂ ಉಂಟು. ಬೆಳಗಿನ ಬಸ್ಸನ್ನು ನೆಚ್ಚಿಕೊಂಡವರು ಹತ್ತು ನಿಮಿಷ ಮುಂಚಿತವಾಗಿಯೇ ಇಟ್ಟುಕೊಳ್ಳಬೇಕು.

ಸ್ನೂಜ್ ಗುಂಡಿ ಇದ್ದರೆ ಅದನ್ನು ಒತ್ತಿದ ಮೇಲೆ ಎಷ್ಟು ನಿಮಿಷಕ್ಕೆ ಮತ್ತೆ ಕೂಗುತ್ತದೆಂದು ಒಮ್ಮೆ ಎಣಿಸಿ ನೋಡಿಕೊಂಡರೆ ಸಾಕು.

ಮಾತು ಮುದ್ರಿಸುವುದು

ಈ ಗಡಿಯಾರದ ಜೀವ ಇರುವುದು ಇಲ್ಲಿ. ಬೀಪ್ ಸದ್ದಿಗಿಂತ ಮನುಷ್ಯರ ಮಾತು ನಿದ್ದೆಯಿಂದ ಚೆನ್ನಾಗಿ ಎಬ್ಬಿಸುತ್ತದೆಯೇ ಎಂಬ ಪ್ರಶ್ನೆಗೆ ಉತ್ತರ ಹುಡುಕಿದವರು ಬೆಂಕಿಯ ಎಚ್ಚರಿಕೆ ಗಂಟೆಗಳನ್ನು ಪರೀಕ್ಷಿಸುತ್ತಿದ್ದ ವೈದ್ಯರು. ಅಮೆರಿಕದ ಒಹಾಯೊ ರಾಜ್ಯದ ಕೊಲಂಬಸ್ಸಿನಲ್ಲಿ 6ರಿಂದ 12 ವರ್ಷದ 24 ಮಕ್ಕಳ ಮೇಲೆ ನಡೆಸಿ 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಗಾಢನಿದ್ದೆಯಲ್ಲಿದ್ದ ಮಕ್ಕಳಲ್ಲಿ 23 ಮಂದಿ ಹೆತ್ತವರ ಮುದ್ರಿತ ದನಿಗೆ ಎದ್ದರು, ಮಾಮೂಲಿ ಎಚ್ಚರಿಕೆ ಸದ್ದಿಗೆ ಎದ್ದವರು 14 ಮಂದಿ ಮಾತ್ರ. ಅದೇ ತಂಡದವರು 2018ರಲ್ಲಿ ಹೆಚ್ಚು ಮಕ್ಕಳೊಂದಿಗೆ ನಡೆಸಿದ ಇನ್ನೊಂದು ಅಧ್ಯಯನದಲ್ಲಿ, ದನಿಯಲ್ಲಿ ಮಗುವಿನ ಹೆಸರು ಸೇರಿಸಿದರೂ ಸೇರಿಸದಿದ್ದರೂ ಹೆಚ್ಚಿನ ವ್ಯತ್ಯಾಸ ಕಾಣಲಿಲ್ಲ. ಕೆಲಸ ಮಾಡಿದ್ದು ದನಿ. ಅವು ಬೆಂಕಿಯ ಗಂಟೆಗಳ ಬಗ್ಗೆ, ಮಕ್ಕಳ ಮೇಲೆ ನಡೆದ ಪ್ರಯೋಗಗಳಾದರೂ, ಮನೆಯವರ ಮಾತನ್ನು ಮುದ್ರಿಸುವ ಶ್ರಮ ವ್ಯರ್ಥವಲ್ಲವೆಂಬ ಧೈರ್ಯವನ್ನು ನನಗೆ ಕೊಟ್ಟವು. ಹೆಸರನ್ನು ನಾನಂತೂ ಸೇರಿಸಿದೆ, ಏಕೆಂದರೆ ಅಜ್ಜಿ ಕರೆಯುವ ಹೆಸರನ್ನು ಕೇಳುವುದೇ ಆ ಹುಡುಗಿಗೆ ಬೇಕಾಗಿತ್ತು.

ಮುದ್ರಣಕ್ಕೆ ಜಾಗವನ್ನು ಆರಿಸುವುದು ಮಲೆನಾಡಿನ ಮನೆಗಳಲ್ಲಿ ಸಣ್ಣ ವಿಷಯವಲ್ಲ. ಜೂನ್ ಜುಲೈನಲ್ಲಿ ಶೀಟಿನ ಮಾಡಿನ ಕೆಳಗೆ ಕುಳಿತರೆ ಮಳೆಯ ಸದ್ದು ಮಾತನ್ನು ನುಂಗುತ್ತದೆ, ಹೆಂಚಿನ ಮನೆಯಲ್ಲಿ ಅಂಗಳಕ್ಕೆ ಬೀಳುವ ನೀರಿನ ಧಾರೆ ಹಿನ್ನೆಲೆಯಲ್ಲಿ ಹುರಿಯುವ ಸದ್ದಿನಂತೆ ಕೇಳುತ್ತದೆ. ಮಳೆ ಬಿಟ್ಟ ಹೊತ್ತನ್ನು ಕಾದು, ಹಾಸಿಗೆ ಕಂಬಳಿಗಳನ್ನು ಪೇರಿಸಿಟ್ಟಿರುವ ಒಳಕೋಣೆಯಲ್ಲಿ ಫ್ಯಾನು ನಿಲ್ಲಿಸಿ, ಬಾಗಿಲು ಹಾಕಿ ಮುದ್ರಿಸಬೇಕು. ಮೆತ್ತನೆಯ ಬಟ್ಟೆಗಳು ಸದ್ದನ್ನು ಹೀರಿಕೊಳ್ಳುವುದರಿಂದ ಮಾರ್ದನಿ ಇರುವುದಿಲ್ಲ. ಗಡಿಯಾರವನ್ನು ಮೇಜಿನ ಮೇಲಿಟ್ಟರೆ ಗುಂಡಿ ಒತ್ತುವ ಟಕ್ಕೆಂಬ ಸದ್ದೂ ಒಳಗೆ ಸೇರುತ್ತದೆ; ಮಡಿಸಿದ ಟವೆಲಿನ ಮೇಲೆ ಇಡುವುದು ಅಥವಾ ಕೈಯಲ್ಲಿ ಹಿಡಿಯುವುದು ಒಳ್ಳೆಯದು.

ಮೈಕಿನ ತೂತಿಗೂ ಬಾಯಿಗೂ ನಡುವೆ ಸುಮಾರು ಅರ್ಧ ಗೇಣು, ಅಂದರೆ ಹತ್ತು ಹದಿನೈದು ಸೆಂಟಿಮೀಟರ್ ಅಂತರವಿರಲಿ. ತೀರ ಹತ್ತಿರ ಹಿಡಿದರೆ ಪ, ಬ, ಮಹಾಪ್ರಾಣಗಳ ಉಸಿರು ನೇರವಾಗಿ ಮೈಕಿಗೆ ಬಡಿದು ಮಾತು ಒಡೆಯುತ್ತದೆ. ಮುಖಕ್ಕೆ ನೇರವಾಗಿ ಹಿಡಿಯದೆ ತುಸು ಓರೆಯಾಗಿ ಹಿಡಿದರೆ ಇದು ತಪ್ಪುತ್ತದೆ. ರೆಕ್ ಗುಂಡಿಯನ್ನು ಮಾತಾಡುವವರ ಕೈಗೆ ಕೊಡದೆ ಇನ್ನೊಬ್ಬರು ಒತ್ತಿಹಿಡಿದು, ಕೆಂಪು ದೀಪ ಹೊತ್ತಿದ ಮೇಲೆ ಕಣ್ಣಿನಿಂದ ಸನ್ನೆ ಮಾಡಬೇಕು. ಒತ್ತಿದ ಮೊದಲ ಅರೆಕ್ಷಣ ಅನೇಕ ಗಡಿಯಾರಗಳಲ್ಲಿ ಮುದ್ರಣವಾಗುವುದಿಲ್ಲ. ಮಾತು ಮುಗಿದ ಮೇಲೂ ಒಂದು ಸೆಕೆಂಡು ಸುಮ್ಮನಿದ್ದು ಬೆರಳು ತೆಗೆಯಬೇಕು. ಅಲಾರಂ ಹೊತ್ತಿನಲ್ಲಿ ಇದೇ ಮಾತು ಮತ್ತೆ ಮತ್ತೆ ಸುತ್ತಿ ಬರುವುದರಿಂದ, ಆ ಒಂದು ಸೆಕೆಂಡಿನ ಮೌನವಿಲ್ಲದಿದ್ದರೆ ಕೊನೆಯ ಪದವೂ ಮೊದಲ ಪದವೂ ಅಂಟಿಕೊಂಡು ಕೇಳುತ್ತವೆ.

ಹತ್ತು ಸೆಕೆಂಡಿನಲ್ಲಿ ನಿಧಾನವಾಗಿ ಹೇಳಬಹುದಾದದ್ದು ಹತ್ತು ಹನ್ನೆರಡು ಪದ. ಆದ್ದರಿಂದ ಏನು ಹೇಳಬೇಕೆಂದು ಮೊದಲೇ ಮಾತಾಡಿಕೊಳ್ಳಬೇಕು, ಆದರೆ ಬರೆದು ಓದಿಸಬಾರದು. ಓದಿದ ಮಾತಿನಲ್ಲಿ ಮನೆಯ ದನಿ ಇರುವುದಿಲ್ಲ. ಅಜ್ಜಿ ಮೊದಲ ಸಲ ಫೋನಿನಲ್ಲಿ ಹೇಳುವಂತೆ, ನಾನು ಕಣವ್ವ ಅಜ್ಜಿ ಮಾತಾಡ್ತಿರೋದು ಎಂದು ಆರಂಭಿಸಿದರು, ಅಷ್ಟಕ್ಕೇ ಅರ್ಧ ಅವಧಿ ಮುಗಿಯಿತು. ಎರಡನೆಯ ಸಲ, ಏಳು ಪುಟ್ಟಿ, ಐದು ಗಂಟೆ ಆಯ್ತು ಎಂದರು. ಕೇಳಲು ಚೆನ್ನಾಗಿತ್ತು, ಆದರೆ ಭಾನುವಾರ ಆರೂವರೆಗೆ ಅಲಾರಂ ಇಟ್ಟುಕೊಂಡರೂ ಐದು ಗಂಟೆ ಎಂದೇ ಕೇಳುತ್ತದೆಯಲ್ಲ. ಮುದ್ರಿಸುವ ಮಾತಿನಲ್ಲಿ ಗಂಟೆಯ ಹೆಸರು ಬರಬಾರದೆಂದು ನಾನು ಕಲಿತದ್ದು ಆಗಲೇ. ಕೊನೆಗೆ ಉಳಿದುಕೊಂಡದ್ದು ಇಷ್ಟು: ಏಳು ಪುಟ್ಟಿ, ಹೊತ್ತಾಯ್ತು ಕಣವ್ವ. ಎದ್ದು ಮುಖ ತೊಳ್ಕೊ, ಮತ್ತೆ ಮಲಗ್ಬೇಡ. ಕರೆಯುವ ಹೆಸರು ಮೊದಲೇ ಬಂದದ್ದರಿಂದ ನಿದ್ದೆಗಣ್ಣಿನಲ್ಲಿ ಉಳಿದದ್ದು ಕೇಳಿಸದಿದ್ದರೂ ಕರೆ ತಪ್ಪುವುದಿಲ್ಲ.

ಇಂಥ ಗಡಿಯಾರದ ಸ್ಪೀಕರ್ ಒಂದು ರೂಪಾಯಿಯ ನಾಣ್ಯಕ್ಕಿಂತ ತುಸು ದೊಡ್ಡದಿರುತ್ತದೆ, ಅಷ್ಟೇ. ಅದರಿಂದ ಭಾರವಾದ, ಕೆಳಸ್ಥಾಯಿಯ ದನಿ ಹೊರಡುವುದಿಲ್ಲ. ದಪ್ಪ ದನಿಯ ಗಂಡಸರು ಮುದ್ರಿಸುವಾಗ ಅಂಗಳದ ಆ ಕೊನೆಯಲ್ಲಿರುವವರನ್ನು ಕರೆಯುವಂತೆ ಸ್ವಲ್ಪ ಎತ್ತರಿಸಿ ಹೇಳಿದರೆ ಅಕ್ಷರಗಳು ಬಿಡಿಬಿಡಿಯಾಗಿ ಕೇಳುತ್ತವೆ. ಗಡಿಯಾರ ವಯಸ್ಸಾದವರಿಗಾಗಿ ಆಗಿದ್ದರೆ, ಉದಾಹರಣೆಗೆ ತಪಾಸಣೆಗೆಂದು ಒಬ್ಬರೇ ಬೆಂಗಳೂರಿಗೆ ಹೋಗಿ ತಂಗುವ ಹಿರಿಯರಿಗೆ ಮಾತ್ರೆಯ ಹೊತ್ತನ್ನು ನೆನಪಿಸಲು, ಬೀಪನ್ನು ನೆಚ್ಚಿಕೊಳ್ಳದೆ ಮಾತನ್ನೇ ಇಡಬೇಕು. ವಯಸ್ಸಿನಿಂದ ಬರುವ ಕಿವುಡುತನ ಮೊದಲು ಕಸಿದುಕೊಳ್ಳುವುದು ಕೀರಲು ಸದ್ದುಗಳನ್ನು, ಬೀಪ್ ಅಂಥ ಸದ್ದೇ.

ಗಡಿಯಾರದಲ್ಲಿ ಮುದ್ರಿಸುವುದರ ಜೊತೆಗೆ ಅದೇ ಮಾತನ್ನು ಮೊಬೈಲಿನಲ್ಲೂ ಮುದ್ರಿಸಿ, ಮನೆಯ ಇಬ್ಬರ ಬಳಿಯಾದರೂ ಇರಿಸಬೇಕು. ಸೆಲ್ಲು ಬದಲಿಸಿ ಮಾತು ಅಳಿದಾಗ, ಮೊಬೈಲಿನ ಸ್ಪೀಕರನ್ನು ಮೈಕಿನ ತೂತಿನ ಹತ್ತಿರ ಹಿಡಿದು ಮತ್ತೆ ತುಂಬಬಹುದು. ನೇರವಾಗಿ ಮುದ್ರಿಸಿದಷ್ಟು ಚೆನ್ನಾಗಿ ಬಾರದಿದ್ದರೂ ದನಿ ಅವರದೇ ಆಗಿರುತ್ತದೆ. ಎಂಬತ್ತು ದಾಟಿದವರ ದನಿಯನ್ನು ಮುದ್ರಿಸುವಾಗ ಈ ನಕಲನ್ನು ನಾಳೆಗೆಂದು ಬಿಡಬಾರದು.

ಫೋಟೊ ಕೂರಿಸುವುದು

ಚೌಕಟ್ಟಿನಲ್ಲಿ ಕಾಣುವ ಕಿಂಡಿಯ ಅಳತೆ ಬೇರೆ, ಒಳಗೆ ತೂರಿಸಬೇಕಾದ ಫೋಟೊದ ಅಳತೆ ಬೇರೆ. ಕಿಂಡಿಯ ಎಲ್ಲ ಬದಿಗೂ 2 ಮಿಲಿಮೀಟರ್ ಸೇರಿಸಿಕೊಂಡು, ಹಳೆಯ ಲಗ್ನಪತ್ರಿಕೆಯ ಗಟ್ಟಿ ಕಾಗದದಲ್ಲಿ ಮೊದಲು ಒಂದು ಅಚ್ಚು ಕತ್ತರಿಸಿ ಕೂರಿಸಿ ನೋಡಬೇಕು. ಅದು ಸರಿಯಾಗಿ ಕುಳಿತರೆ ಅದನ್ನೇ ಫೋಟೊದ ಮೇಲಿಟ್ಟು ಗೆರೆ ಎಳೆದು ಕತ್ತರಿಸಿ, ಆಮೇಲೆ ಆ ಗಟ್ಟಿ ಕಾಗದವನ್ನೇ ಫೋಟೊದ ಹಿಂದೆ ಆನಿಕೆಯಾಗಿ ಇಡಬಹುದು. ನಮ್ಮಲ್ಲಿ ಸಾಮಾನ್ಯವಾಗಿ ತೆಗೆಸುವ 35 ಮಿಲಿಮೀಟರ್ ಅಗಲ, 45 ಮಿಲಿಮೀಟರ್ ಉದ್ದದ ಪಾಸ್‌ಪೋರ್ಟ್ ಫೋಟೊ ಕೆಲವು ಚಿಕ್ಕ ಚೌಕಟ್ಟುಗಳಿಗೆ ಹಾಗೆಯೇ ಹೊಂದುತ್ತದೆ. ಆದರೆ ಯಾರೂ ಪಾಸ್‌ಪೋರ್ಟ್ ಫೋಟೊದಲ್ಲಿ ತಮ್ಮಂತೆ ಕಾಣುವುದಿಲ್ಲ. ಜಗಲಿಯಲ್ಲಿ ಕುಳಿತು ಎಲೆಯಡಿಕೆ ಹಾಕಿಕೊಳ್ಳುತ್ತಾ ಯಾರನ್ನೋ ಕರೆಯುತ್ತಿರುವ ಅಜ್ಜಿಯ ಚಿತ್ರವನ್ನು ನಾವು ಆರಿಸಿದೆವು. ಮುಖ ಕಿಂಡಿಯ ಅರ್ಧದಷ್ಟಾದರೂ ಇರಬೇಕು. ಮದುವೆಮನೆಯ ಗುಂಪಿನ ಫೋಟೊ ಇಷ್ಟು ಚಿಕ್ಕ ಜಾಗದಲ್ಲಿ ಯಾರದೂ ಆಗಿ ಉಳಿಯುವುದಿಲ್ಲ.

ಮನೆಯಲ್ಲಿರುವ ಒಂದೇ ಒಂದು ಹಳೆಯ ಫೋಟೊವನ್ನು ಎಂದಿಗೂ ಕತ್ತರಿಸಬಾರದು. ಸ್ಟುಡಿಯೊಗೆ ಒಯ್ದು ಅದರ ಪ್ರತಿಯನ್ನು ಹೊಳಪಿಲ್ಲದ ಮ್ಯಾಟ್ ಕಾಗದದ ಮೇಲೆ ತೆಗೆಸಬೇಕು. ಮನೆಯ ಇಂಕ್‌ಜೆಟ್ ಪ್ರಿಂಟರಿನ ಬಣ್ಣ ಮಳೆಗಾಲದ ತೇವಕ್ಕೆ ಹರಡಿಕೊಳ್ಳುತ್ತದೆ. ಹೊಳೆಯುವ ಕಾಗದವನ್ನು ನೇರವಾಗಿ ಗಾಜಿಗೆ ತಾಗಿಸಿಟ್ಟರೆ ತೇವದಲ್ಲಿ ಅದರ ಮೇಲ್ಪದರ ಮೆತ್ತಗಾಗಿ ಗಾಜಿಗೆ ಅಂಟಿಕೊಳ್ಳುತ್ತದೆ, ಬಿಡಿಸಲು ಹೋದರೆ ಮುಖದ ಭಾಗವೇ ಗಾಜಿನಲ್ಲಿ ಉಳಿದುಬಿಡುತ್ತದೆ. ಸಕಲೇಶಪುರ, ಮೂಡಿಗೆರೆ, ಕೊಪ್ಪದ ಕಡೆಯ ಮನೆಗಳಲ್ಲಿ ಗೋಡೆಯ ಫೋಟೊಗಳಿಗೆ ಹೀಗಾದದ್ದನ್ನು ನೋಡದವರು ಕಡಿಮೆ. ಅಂಚಿನ ಸುತ್ತ ತೆಳುವಾದ ಕಾಗದದ ಪಟ್ಟಿಯನ್ನು ಗಾಜಿಗೂ ಫೋಟೊಗೂ ನಡುವೆ ಇಟ್ಟರೆ ಎರಡೂ ತಾಗುವುದಿಲ್ಲ. ಅಂಟನ್ನು ಮಾತ್ರ ಎಲ್ಲಿಯೂ ಬಳಸಬಾರದು.

ಹೊರಡುವ ಮುನ್ನ

ಎಲ್ಲವೂ ಮುಗಿದ ಮೇಲೆ ಕನಿಷ್ಠ ಎರಡು ರಾತ್ರಿ ಗಡಿಯಾರವನ್ನು ಮನೆಯಲ್ಲೇ ಬಳಸಿ ನೋಡಬೇಕು. ತಲೆದಿಂಬಿನ ಕೆಳಗಿಟ್ಟರೆ ಮಾತು ಮುಚ್ಚಿಹೋಗುತ್ತದೆ, ಕೈಗೆ ಸಿಗುವಷ್ಟು ಹತ್ತಿರವಿದ್ದರೆ ನಿದ್ದೆಯಲ್ಲೇ ಆರಿಸಿಬಿಡುತ್ತೇವೆ. ಎದ್ದು ಕುಳಿತರೆ ಮಾತ್ರ ಕೈಗೆಟುಕುವ ದೂರ ಸರಿಯಾದದ್ದು. ಮಾತು ಆರಂಭವಾದ ಕ್ಷಣಕ್ಕೆ ಪರದೆಯ ಅಂಕಿಗಳು ಮಂಕಾದರೆ ಅಥವಾ ಗಡಿಯಾರ ಹನ್ನೆರಡಕ್ಕೆ ಮರಳಿದರೆ ಸೆಲ್ಲಿನಲ್ಲಿ ಕಸುವಿಲ್ಲವೆಂದು ಅರ್ಥ. ಅಂಕಿಗಳನ್ನು ತೋರಿಸಲು ಬೇಕಾಗುವುದಕ್ಕಿಂತ ಎಷ್ಟೋ ಪಟ್ಟು ಹೆಚ್ಚಿನ ವಿದ್ಯುತ್ತು ಸ್ಪೀಕರಿಗೆ ಬೇಕು, ಆದ್ದರಿಂದ ಸಮಯ ಸರಿಯಾಗಿ ತೋರುತ್ತಿರುವ ಗಡಿಯಾರವೂ ಮಾತಾಡಲಾರದೆ ಹೋಗಬಹುದು. ಒಂದೇ ಕೋಣೆಯಲ್ಲಿ ನಾಲ್ಕೈದು ಮಂದಿ ಮಲಗುವ ಹಾಸ್ಟೆಲಿಗೆ ಕಳಿಸುವುದಾದರೆ, ಸದ್ದು ಹೆಚ್ಚುಕಡಿಮೆ ಮಾಡುವ ಗುಂಡಿ ಇದ್ದಲ್ಲಿ ನಡುವಿನ ಮಟ್ಟಕ್ಕೆ ಇಡಬೇಕು.

ಬದಲಿ ಸೆಲ್ಲುಗಳನ್ನು ಬಿಡಿಯಾಗಿ ಚೀಲಕ್ಕೆ ಹಾಕದೆ ಅವು ಬಂದ ಪೊಟ್ಟಣದಲ್ಲೇ ಇಡಬೇಕು. ನಾಣ್ಯ, ಬೀಗದ ಕೈಗಳಿಗೆ ತಾಗಿದರೆ ಶಾರ್ಟ್ ಆಗಿ ಬಿಸಿಯೇರುತ್ತವೆ. ವಿಮಾನದಲ್ಲಿ ಹೋಗುವವರು ಸಿಆರ್ 2032ರಂಥ ಲಿಥಿಯಂ ಬಿಲ್ಲೆಗಳನ್ನು ಕೈಚೀಲದಲ್ಲೇ ಒಯ್ಯಬೇಕು. ಸೆಲ್ಲು ಬದಲಿಸಿದಾಗ ಯಾವ ಗುಂಡಿಯನ್ನು ಎಷ್ಟು ಹೊತ್ತು ಒತ್ತಬೇಕೆಂಬುದನ್ನು ನಾಲ್ಕು ಸಾಲಿನಲ್ಲಿ ಕನ್ನಡದಲ್ಲಿ ಬರೆದು, ಆ ಚೀಟಿಯನ್ನು ಮಡಿಸಿ ಫೋಟೊದ ಹಿಂದಿನ ಲಗ್ನಪತ್ರಿಕೆಯ ಆನಿಕೆಯ ಜೊತೆಗೇ ಇಟ್ಟರೆ, ಗಡಿಯಾರ ಇರುವಲ್ಲಿ ಅದೂ ಇರುತ್ತದೆ. ಮಡಚುವ ಮೊದಲು ಜಾರುಗುಂಡಿಯನ್ನು ಆಫ್ ಕಡೆಗೆ ಸರಿಸಿ, ಗುಂಡಿಗಳು ಒತ್ತಿಕೊಳ್ಳದಂತೆ ಬಟ್ಟೆಗಳ ನಡುವೆ ಇಡಬೇಕು. ತಲುಪಿದ ಸಂಜೆ ಪೆಟ್ಟಿಗೆ ತೆರೆದ ಕೂಡಲೇ ಅದನ್ನು ಹೊರತೆಗೆದು ವಾಯ್ಸ್ ಕಡೆಗೆ ಸರಿಸಿ, ಪರದೆಯಲ್ಲಿ ಗಂಟೆಯ ಗುರುತು ಮೂಡಿತೇ ಎಂದು ನೋಡಿಕೊಳ್ಳುವಂತೆ ಹೊರಡುವವರಿಗೆ ಹೇಳಿ ಕಳಿಸಬೇಕು.